ಭೂಮಿಗುಂಡಿಗೆ ಹೊಯ್ದ ಉಪ್ಪುನೀರು

ಕಳೆದ ವರ್ಷ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯ ಭರಣಿಯನ್ನು ಸೊಂಟಕ್ಕೆ ಆನಿಸಿಕೊಂಡು, ತಳದಲ್ಲಿ ಉಳಿದ ನೀರನ್ನು ಅಂಗಳದ ಮೂಲೆಯ ಗುಂಡಿಗೆ ಬಗ್ಗಿಸುತ್ತಿದ್ದೆ. ಹೊಸ ಹಲಸು ಬಂದಿತ್ತು. ಭರಣಿ ತೊಳೆದು ಬಿಸಿಲಿಗಿಟ್ಟರೆ ನಾಳೆಗೆ ಹೊಸ ಸೊಳೆ ತುಂಬಬಹುದು ಎಂಬ ಲೆಕ್ಕದಲ್ಲಿದ್ದೆ. ಆಗ ಇವರು ಕಚೇರಿಯ ಕೋಣೆಯಿಂದ ಹೊರಗೆ ಬಂದು ಜಗಲಿಯಲ್ಲಿ ನಿಂತರು.

"ಹ್ವಾಯ್, ಇಲ್ ಕಾಣ್. ತಂತಿ ಸತ್ತೋಯ್ತ್."

"ಸಾಯುಕೆ ಅದೆಂತ ಮನ್ಷನಾ? ಎಲ್ಲೋ ಕಂಬ ಬಿದ್ದಿಕ್" ಎಂದೆ. ಭರಣಿಯ ನೀರು ಇನ್ನೂ ಮುಗಿದಿರಲಿಲ್ಲ.

"ಗಾಳಿಲ್ಲೆ, ಮಳಿಲ್ಲೆ. ಕಂಬ ಎಂತಕ್ಕೆ ಬೀಳತ್ತ್?"

ಅದು ಸೋಮವಾರದ ಬೆಳಿಗ್ಗೆ. ಯುದ್ಧದ ಕಾಲ. ಬೈಂದೂರಿನಿಂದ ಈಚೆ, ಕಡಲಿನ ಸದ್ದು ಕೇಳುವಷ್ಟು ಹತ್ತಿರದ ಒಂದು ಸಣ್ಣ ಊರಿನಲ್ಲಿ ಇವರು ಟಪಾಲು ಮತ್ತು ತಂತಿಯ ಕೆಲಸ ನೋಡಿಕೊಳ್ಳುತ್ತಿದ್ದರು. ಮನೆಯ ಎದುರಿನ ಕೋಣೆಯೇ ಕಚೇರಿ. ಹಿಂದಿನ ಮೂರು ಕೋಣೆ ನಮ್ಮ ಸಂಸಾರ.

ನನ್ನ ತಂಗಿಯ ಮೊಮ್ಮಗಳು ಸುಮಿತ್ರೆಗೆ ಈಗ ಟೆಲಿಫೋನಿನ ಕೆಲಸ ಸಿಕ್ಕಿದೆ. "ದೊಡ್ಡಜ್ಜಿ, ನೀವೂ ತಂತಿಯ ಕೆಲ್ಸ ಮಾಡಿದ್ರಂಬ್ರಲೆ, ಬರ್ದ್ ಕೊಡಿ" ಎಂದು ಕೇಳಿದಳು. ನಾನು ಕೆಲಸ ಮಾಡಿದ್ದೆ ಎಂದು ಮನೆಯಲ್ಲಿ ಮೊದಲು ಹೇಳಿದವಳು ಅವಳೇ. ಅದೊಂದು ಸಂತೋಷ ದೇವರು ಕೊಟ್ಟ. ಅದಕ್ಕಾಗಿ ಬರೆಯುತ್ತಿದ್ದೇನೆ. ಇವರಿಗೆ ಯಾವಾಗ ಬಡ್ತಿ ಆಯಿತು, ಯಾವ ಸಾಹೇಬರು ಹೊಗಳಿದರು ಎಂಬುದೆಲ್ಲ ಬೇಡ. ಕೆಲಸದಲ್ಲಿ ನಾನು ಮಾಡಿದ ತಪ್ಪು ಬರೆದರೆ ಅವಳಿಗೆ ಉಪಯೋಗ.

ನನ್ನ ಕೆಲಸ ಇಷ್ಟೇ. ಆಗಿನ ತಂತಿಗೆ ಕಂಬದ ಮೇಲೆ ಹೋಗುವುದು ಒಂದೇ ಎಳೆ. ಸುದ್ದಿ ಹೋಗುವುದು ಆ ಎಳೆಯಲ್ಲಿ, ತಿರುಗಿ ಬರುವ ದಾರಿ ಭೂಮಿಯೇ. ಅದಕ್ಕಾಗಿ ಯಂತ್ರದಿಂದ ಇನ್ನೊಂದು ಕಬ್ಬಿಣದ ತಂತಿ ಗೋಡೆ ಇಳಿದು, ಅಂಗಳದ ಮೂಲೆಯಲ್ಲಿ ಮಣ್ಣಿನೊಳಗೆ ಹೋಗಿ, ಆಳದಲ್ಲಿ ಹುಗಿದ ಒಂದು ತಗಡಿಗೆ ಸೇರುತ್ತಿತ್ತು. ಇವರು ಅದನ್ನು ಭೂಮಿಗುಂಡಿ ಎನ್ನುತ್ತಿದ್ದರು. ಗುಂಡಿ ಒಣಗಿದರೆ ಯಂತ್ರದ ಟಕಟಕ ಸೋತುಹೋಗುತ್ತದೆ. ನಮ್ಮಲ್ಲಿ ಬರೀ ಹೊಯ್ಗೆ, ಮರಳು ಮಣ್ಣು, ಎಷ್ಟು ಹೊಯ್ದರೂ ನಿಲ್ಲುವುದಿಲ್ಲ. ಹಾಗಾಗಿ ಚಳಿ ಕಳೆದಲ್ಲಿಂದ ಮಳೆ ಹಿಡಿಯುವವರೆಗೆ ದಿನಕ್ಕೆ ಮೂರು ಕೊಡಪಾನ ನೀರು ಹೊಯ್ಯಬೇಕಿತ್ತು. ಆ ಕೆಲಸ ಕಚೇರಿಯ ಕಾಗದದಲ್ಲಿತ್ತು. ನನ್ನ ಹೆಸರು ಇರಲಿಲ್ಲ. ಮಿಂದು, ದೇವರಿಗೆ ಹೂವಿಟ್ಟು, ಆಮೇಲೆ ಗುಂಡಿಗೆ ನೀರು. ಭೂಮಿತಾಯಿಯ ಬಾಯಿಗೆ ಬಿಡುವ ನೀರು ಎಂದೇ ಹೊಯ್ಯುತ್ತಿದ್ದೆ. ನಡುವೆ ಒಂದು ದಿನವೂ ತಪ್ಪಿಸಿದವಳಲ್ಲ. ಹೊರಗೆ ಕುಳಿತ ಮೂರು ದಿನ ಮಾತ್ರ ಪಕ್ಕದ ಮನೆಯ ಗಿರಿಜ ಹೊಯ್ಯುತ್ತಿದ್ದಳು.

ಉಪ್ಪಿನ ವಿಷಯ ಹೇಳುತ್ತೇನೆ. ನನ್ನ ತವರು ಬ್ರಹ್ಮಾವರದ ಕಡೆ. ನಮ್ಮಮ್ಮ ಉಪ್ಪನ್ನು ಲಕ್ಷ್ಮಿ ಎನ್ನುತ್ತಿದ್ದಳು. ಕಾಲಿಗೆ ಸಿಕ್ಕುವ ಜಾಗದಲ್ಲಿ ಉಪ್ಪನ್ನಾಗಲಿ, ಉಪ್ಪುನೀರನ್ನಾಗಲಿ ಚೆಲ್ಲುವಂತಿಲ್ಲ. ಸೊಳೆಯ ನೀರು, ಉಪ್ಪಿನಲ್ಲಿ ಹಾಕಿದ ಮಾವಿನಕಾಯಿ ತೊಳೆದ ನೀರು, ಇವಕ್ಕೆಲ್ಲ ಯಾರೂ ತುಳಿಯದ ಸ್ಥಳ ಹುಡುಕಬೇಕು. ಇಲ್ಲಿ ನಮ್ಮ ಎರಡು ತೆಂಗಿನ ಮರಗಳೂ ದಾರಿಯ ಬದಿಗಿದ್ದವು. ಟಪಾಲಿಗೆ ಬಂದವರೆಲ್ಲ ಅವುಗಳ ಬುಡದಲ್ಲೇ ಚಪ್ಪಲಿ ಬಿಡುತ್ತಿದ್ದರು. ಭೂಮಿಗುಂಡಿಗಾದರೆ ಸುತ್ತ ಬಿದಿರಿನ ಬೇಲಿ, ಒಳಗೆ ಯಾರೂ ಕಾಲಿಡುವಂತಿಲ್ಲ. ಅಷ್ಟು ಶುದ್ಧವಾದ ಜಾಗ ಮನೆಯ ಸುತ್ತ ಬೇರೆ ಇರಲಿಲ್ಲ. ನಾಲ್ಕು ವರ್ಷ ನಮ್ಮ ಮನೆಯ ಉಪ್ಪುನೀರೆಲ್ಲ ಅಲ್ಲಿಗೇ ಹೋಯಿತು.

ಹೊಯ್ದ ದಿನ ಯಂತ್ರ ಜೋರಾಗಿ ಮಾತಾಡುತ್ತಿತ್ತು. ಇವರು ಒಳಗಿಂದಲೇ ಕೂಗುತ್ತಿದ್ದರು: "ಇವತ್ತ್ ಕುಂದಾಪ್ರದವ್ರ್ ನಮ್ ಜಗ್ಲಿ ಮೇಲೇ ಕೂಕಂಡ್ ಹೊಡ್ದಾಂಗ್ ಕೇಂತ್ ಮಾರಾಯ್ತಿ!" ಉಪ್ಪಿದ್ದ ಒದ್ದೆ ಮಣ್ಣಿನಲ್ಲಿ ವಿದ್ಯುತ್ತು ಸಲೀಸಾಗಿ ಹೋಗುತ್ತದೆ. ಅದು ಸುಳ್ಳಲ್ಲ. ಅದೇ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ ಎಂದು ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಗಂಡ ಮೆಚ್ಚಿದ್ದೇ ಸಾಕಾಯಿತು.

ಕಣ್ಣಿಗೆ ಕಾಣುವ ಹಾಗೆ ಒಮ್ಮೆ ಎಚ್ಚರಿಕೆ ಸಿಕ್ಕಿತ್ತು. ಯುದ್ಧ ಶುರುವಾದ ಮೇಲೆ ಕಡಲಿನಿಂದ ಹಡಗು ಬಂದು ಗುಂಡು ಹಾಕುತ್ತದೆ ಎಂದು ಊರಿಗೆಲ್ಲ ಹೆದರಿಕೆ. ಆಗ ನಮ್ಮ ಜೊತೆಗಿದ್ದ ಅತ್ತೆ, ಮನೆಯ ತಾಮ್ರದ ಕೊಡಗಳನ್ನು ಹುಗಿದಿಟ್ಟರು. ಒಂದನ್ನು ಹಿತ್ತಿಲಿನ ಹೊಯ್ಗೆಯಲ್ಲಿ, ಇನ್ನೊಂದನ್ನು ಕಳ್ಳರಿಗೆ ಹೊಳೆಯಬಾರದೆಂದು ದನದ ಹಟ್ಟಿಯ ಮೂಲೆಯಲ್ಲಿ. ವರ್ಷ ಕಳೆದು ತೆಗೆದಾಗ ಹಿತ್ತಿಲಿನದ್ದು ಬರೀ ಕಪ್ಪಾಗಿತ್ತು, ಹುಳಿ ಹಾಕಿ ಉಜ್ಜಿದರೆ ಹೊಳೆಯಿತು. ಹಟ್ಟಿಯದ್ದು ಹಸಿರು ಕಿಲುಬು ಹಿಡಿದು, ಕೈಯಿಟ್ಟಲ್ಲಿ ತೂತು ಬಿತ್ತು. ಅತ್ತೆ ತಲೆಯ ಮೇಲೆ ಕೈಹೊತ್ತು ಕುಳಿತರು.

ಊರಿನ ಕಮ್ಮಾರರು, ಶೀನ ಆಚಾರ್ರು, ಆ ಕೊಡವನ್ನು ಬೆಳಕಿಗೆ ಹಿಡಿದು ನೋಡಿ, "ಅಮ್ಮಾ, ಇದನ್ನ್ ಯಾರೂ ಕದೀಲಿಲ್ಲೆ. ದನದ ಗಂಜ್ಲ ತಿಂದದ್ದ್. ಮಣ್ಣಗೆ ಎಂತ ಇತ್ತಂದ್ ಕಾಣ್ದೆ ಲೋಹ ಹುಗೂಕಾಗ" ಎಂದಿದ್ದರು. ನಾನು ಪಕ್ಕದಲ್ಲೇ ನಿಂತು ಕೇಳಿದ್ದೆ. ಅತ್ತೆಯ ದಡ್ಡತನಕ್ಕೆ ಒಳಗೊಳಗೇ ನಕ್ಕಿದ್ದೆ. ಮರುದಿನ ಮಾವಿನಕಾಯಿ ತೊಳೆದ ನೀರನ್ನು ಗುಂಡಿಗೆ ಹೊಯ್ದಿದ್ದೆ.

ಈಗ ಆ ಸೋಮವಾರಕ್ಕೆ ಬರುತ್ತೇನೆ.

ತಂತಿ ನಿಂತರೆ ಎಲ್ಲರೂ ಮೊದಲು ನೋಡುವುದು ಮೇಲೆ. ಕುಂದಾಪುರದಿಂದ ಒಬ್ಬ ಲೈನ್‌ಮ್ಯಾನ್ ಕಂಬ ಕಂಬ ನೋಡುತ್ತಾ ಎರಡು ದಿನ ನಡೆದ. ತಂತಿ ಎಲ್ಲಿಯೂ ಹರಿದಿರಲಿಲ್ಲ. ಆ ಎರಡು ದಿನವೂ ನಾನು ಗುಂಡಿಗೆ ಮೂರು ಕೊಡಪಾನ ನೀರು ತಪ್ಪದೆ ಹೊಯ್ದೆ. ಆನೆಗುಡ್ಡೆ ಗಣಪತಿಗೆ ಒಂದು ಕಾಯಿ ಹೇಳಿಕೊಂಡೆ.

ಮಂಗಳವಾರ ಸಂಜೆ ಇದ್ದಿಲಿನ ಬಸ್ಸಿನಲ್ಲಿ ಟಪಾಲಿನ ಚೀಲ ಬಂತು. ಆಗ ಪೆಟ್ರೋಲ್ ಇಲ್ಲದೆ ಬಸ್ಸುಗಳೆಲ್ಲ ಹಿಂದೆ ಒಂದು ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಚಡಾವು ಬಂದರೆ ಜನ ಇಳಿದು ನೂಕಬೇಕು. ಚೀಲದಲ್ಲಿ ಒಂದು ತಂತಿಯ ಕಾಗದವಿತ್ತು. ಸೋಮವಾರ ಬೆಳಿಗ್ಗೆ ಬೊಂಬಾಯಿಯಲ್ಲಿ ಕೊಟ್ಟದ್ದು, ಅದೇ ಮಧ್ಯಾಹ್ನ ಕುಂದಾಪುರ ಮುಟ್ಟಿ, ಮುಂದೆ ದಾರಿಯಿಲ್ಲದೆ ಮರುದಿನದ ಚೀಲಕ್ಕೆ ಬಿದ್ದಿತ್ತು. ಪಕ್ಕದ ಮನೆಯ ಗಿರಿಜಳಿಗೆ ಬಂದದ್ದು. ಅವಳ ಗಂಡ ರಾಘವ ಬೊಂಬಾಯಿಯ ಒಂದು ಹೋಟೆಲಿನಲ್ಲಿ ಅಡಿಗೆಗಿದ್ದ. ಮದುವೆಯಾಗಿ ಐದು ವರ್ಷ, ಅವನು ಊರಿಗೆ ಬಂದದ್ದು ಎರಡು ಸಲ. ಮಕ್ಕಳಿರಲಿಲ್ಲ.

ಗಿರಿಜಳಿಗೆ ಓದು ಬರಹ ಬಾರದು. ಇವರೇ ಓದಿದರು: ರಾಘವನಿಗೆ ಜ್ವರ ವಿಪರೀತವಾಗಿದೆ, ಬರುತ್ತೀರೋ ಇಲ್ಲವೋ ಕೂಡಲೇ ತಂತಿ ಕೊಡಿ.

ಅವಳು ಸೆರಗನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು. "ಬತ್ತೆ ಅಂದ್ ಹೊಡಿನಿ ಅಣ್ಣಯ್ಯಾ. ಈಗ್ಳೇ ಹೊಡಿನಿ."

"ತಂತಿ ಇಲ್ಯಲೆ ಹೆಣೆ. ನಾಳಿ ಚೀಲ್ದಗೆ ಕುಂದಾಪ್ರಕ್ಕೆ ಕಳ್ಸ್ತೆ, ಅಲ್ಲಿಂದ ಹೊಡಿತ್ರ್."

"ನಾನೇ ನಾಳಿ ಬಸ್ಸಿಗ್ ಹೋತೆ. ಚೀಲಕ್ಕಿಂತ ನಾನೇ ಬೇಗ ಮುಟ್ತೆ ಕಾಣಿ" ಎಂದು ನಕ್ಕ ಹಾಗೆ ಮಾಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕಾ, ಅವ್ರಿಗ್ ಸೊಳೆ ಅಂದ್ರೆ ಜೀವ. ಒಂದ್ ಸ್ವಲ್ಪ ಇದ್ರೆ ಕೊಡ್ತ್ರ್ಯಾ? ತಕಂಡ್ ಹೋತೆ" ಎಂದಳು. ಹಳೆಯ ಭರಣಿಯಿಂದ ತೆಗೆದಿಟ್ಟ ಸೊಳೆ ಅಡಿಗೆಮನೆಯಲ್ಲಿತ್ತು. ಬಾಳೆಲೆಯಲ್ಲಿ ಕಟ್ಟಿಕೊಟ್ಟೆ.

ಬುಧವಾರ ಬೆಳಿಗ್ಗೆ ಅವಳು ಗಂಟು ಹಿಡಿದು ನಮ್ಮ ತೆಂಗಿನ ಬುಡದಲ್ಲಿ ಬಸ್ಸಿಗೆ ಕಾಯುತ್ತಾ ನಿಂತಳು. ಅದೇ ಹೊತ್ತಿಗೆ ಮಂಗಳೂರಿನಿಂದ ಬಂದಿದ್ದ ಇನ್‌ಸ್ಪೆಕ್ಟರು ಕುಂದಾಪುರದಿಂದ ಸೈಕಲ್ ತುಳಿದು ಬಂದು ಇಳಿದರು. ಕುಳ್ಳ ಮನುಷ್ಯ, ಮೈಯೆಲ್ಲ ಬೆವರು. ನಾನು ಕೊಟ್ಟ ನೀರನ್ನೂ ಕುಡಿಯದೆ ನೇರವಾಗಿ ಬೇಲಿ ದಾಟಿ ಭೂಮಿಗುಂಡಿಯ ಹತ್ತಿರ ಕುಕ್ಕರುಗಾಲಿನಲ್ಲಿ ಕುಳಿತರು. ಮಣ್ಣಿನೊಳಗೆ ಹೋಗುವ ತಂತಿಯನ್ನು ಹಿಡಿದು ಒಂದು ಸಲ ಎಳೆದರು. ಅದು ಕೈಗೆ ಬಂತು. ಒಂದು ಗೇಣು ಆಳದಲ್ಲಿ ಕೊಳೆತ ಹುಲ್ಲುಕಡ್ಡಿಯ ಹಾಗೆ ತುಂಡಾಗಿತ್ತು. ತುದಿಗೆ ಕೆಂಪು ಹುಡಿ, ಸುತ್ತ ಮಣ್ಣಿನಲ್ಲಿ ಬಿಳಿ ಪೊರೆ.

ಅವರು ಆ ಮಣ್ಣನ್ನು ಬೆರಳಿನಲ್ಲಿ ತೆಗೆದು ನಾಲಿಗೆಗೆ ಮುಟ್ಟಿಸಿ ಉಗುಳಿದರು. "ಇದು ಟಪಾಲು ಕಚೇರಿಯೋ, ಉಪ್ಪಿನಕಾಯಿ ಭರಣಿಯೋ ಮಾರಾಯ್ರೆ?"

"ಕಡಲ್ ಹತ್ರ ಅಲ್ದಾ ಸಾರ್. ಇಲ್ ಗಾಳಿಯಗೇ ಉಪ್ಪಿತ್ತ್" ಎಂದರು ಇವರು.

ಇನ್‌ಸ್ಪೆಕ್ಟರು ಮಣ್ಣು ಕೆದಕಿ, ಹಳದಿಯಾದ ಒಂದು ಚೂರನ್ನು ಎತ್ತಿ ಹಿಡಿದರು. "ಗಾಳಿಯಲ್ಲಿ ಹಲಸಿನ ಸೊಳೆಯೂ ಹಾರಿಕೊಂಡು ಬರ್ತದಾ ನಿಮ್ಮೂರಲ್ಲಿ?"

ನಾನು ಬಾಗಿಲ ಮರೆಯಿಂದ ಹೊರಗೆ ಬಂದೆ. "ನಾನ್ ಹೊಯ್ದದ್ದ್. ಅವ್ರದ್ದ್ ಎಂತದೂ ಇಲ್ಲೆ."

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಮಕ್ಕಳಿಗೆ ಹೇಳಿಕೊಡುವವರ ಹಾಗೆ ಹೇಳಿದರು. "ನೋಡಿ ಅಮ್ಮ, ಮೇಲಿನ ತಂತಿ ಗಟ್ಟಿಯುಂಟು. ಆಳದ ತಗಡು ಕೂಡ ಇನ್ನೂ ಇದ್ದೀತು. ಸಾಯುವುದು ಈ ನಡುವಿನ ಜಾಗ. ಇಲ್ಲಿ ಒದ್ದೆ ಆಗ್ತದೆ, ಒಣಗ್ತದೆ, ಗಾಳಿಯೂ ಸಿಗ್ತದೆ. ಅದಕ್ಕೆ ಉಪ್ಪೂ ಸೇರಿದರೆ ಕಬ್ಬಿಣ ಉಳಿಯುವುದಿಲ್ಲ. ಬಿಡಿ, ಈಗ ಒಂದು ಬಾಲ್ದಿ ಕೊಡಿ."

ನಮ್ಮ ಬಾವಿಯ ಕಬ್ಬಿಣದ ಬಾಲ್ದಿಗೆ ಒಂದು ತುಂಡು ತಂತಿ ಕಟ್ಟಿ ನೀರಿಗೆ ಇಳಿಬಿಟ್ಟರು. ಇನ್ನೊಂದು ತುದಿಯನ್ನು ಗೋಡೆಯ ತಂತಿಗೆ ಸುತ್ತಿದರು. ಒಳಗೆ ಯಂತ್ರ ಟಕ್ಕೆಂದಿತು.

ಸುಮಿತ್ರೆ, ಈ ಮಾತನ್ನು ನಿಧಾನವಾಗಿ ಓದು. ಎರಡು ದಿನ ಊರೂರಿನ ಕಂಬ ನೋಡಿದರು. ಬೇಕಾಗಿದ್ದದ್ದು ನಮ್ಮ ಅಂಗಳದ ಬಾವಿ ಮತ್ತು ಒಂದು ಬಾಲ್ದಿ. ಆ ಬಾಲ್ದಿಯಲ್ಲಿ ನಾನು ಸೋಮವಾರವೂ ನೀರು ಸೇದಿದ್ದೆ, ಮಂಗಳವಾರವೂ ಸೇದಿದ್ದೆ.

ಇವರು ಓಡಿ ಹೋಗಿ ಯಂತ್ರದ ಮುಂದೆ ಕುಳಿತರು. ಕುಂದಾಪುರದವರು ಕಾದು ಕುಳಿತಿದ್ದರೋ ಏನೋ, ಕೂಡಲೇ ಶುರು ಮಾಡಿದರು. ನಾನು ಹೊಸ್ತಿಲಿನಲ್ಲಿ ನಿಂತು ದೇವರಿಗೆ ಕೈಮುಗಿದೆ. ಸದ್ಯ, ಇವರ ಕೆಲಸ ಉಳಿಯಿತು ಎಂದು. ಇವರ ಸೀಸದಕಡ್ಡಿ ಓಡುತ್ತಿದ್ದದ್ದು ನಡುವೆ ನಿಂತಿತು. ಆಮೇಲೆ ಮತ್ತೆ ಓಡಿ, ಮುಗಿಯಿತು.

"ಬಸ್ ಬಂತಾ?" ಎಂದು ಕೇಳಿದರು, ತಲೆಯೆತ್ತದೆ.

"ಇಲ್ಲೆ."

"ಗಿರಿಜನ್ನ ಕರಿ. ಗಂಟ್ ಒಳ್ಗಿಡುಕೆ ಹೇಳ್."

ರಾಘವ ಮಂಗಳವಾರ ಸಂಜೆ ಹೋಗಿದ್ದ. ನಾನು ಕರೆಯಲು ಹೋದಾಗ ಅವಳು ರಸ್ತೆಯ ತಿರುವಿನ ಕಡೆಗೆ ಮುಖಮಾಡಿ ನಿಂತಿದ್ದಳು. ನನ್ನನ್ನು ಕಂಡದ್ದೇ ಗಂಟನ್ನು ಕೆಳಗಿಟ್ಟಳು. 

ಮುಂದಿನ ವಾರ ಹೊಸ ಗುಂಡಿ ಆಯಿತು. ಈ ಸಲ ಬಾವಿಯ ಪಕ್ಕ, ಒರತೆಯ ಪಸೆ ಸಿಗುವಷ್ಟು ಆಳ, ಸುತ್ತ ಮೊದಲಿನ ಹಾಗೆ ಬೇಲಿ. ಬೇಸಗೆಯಲ್ಲಿ ಪಸೆ ಇಳಿಯುತ್ತದೆಂದು ದಿನದ ಮೂರು ಕೊಡಪಾನ ನೀರು ಹಾಗೆಯೇ ಉಳಿಯಿತು. ಬಡಕಲು ತಂತಿಯ ಬದಲಿಗೆ ಹೆಬ್ಬೆರಳಿನಷ್ಟು ದಪ್ಪದ ಕಂಬಿ. ಅದು ಮಣ್ಣಿಗೆ ಇಳಿಯುವಲ್ಲಿ ಮೇಲೊಂದು ಗೇಣು, ಕೆಳಗೆರಡು ಗೇಣು ಡಾಂಬರು ಸವರಿದ ಗೋಣಿಪಟ್ಟಿ ಸುತ್ತಿದರು. ಶೀನ ಆಚಾರ್ರು ಸುತ್ತಿಕೊಡುತ್ತಾ, "ನಾವ್ ಬಾವಿ ಸಂಕೋಲೆಗ್ ಇದ್ನೇ ಅಲ್ದಾ ಕಾಂಬುದ್. ನೀರೊಳಗ್ ಇದ್ದದ್ದೂ ಉಳಿತ್ತ್, ಮೇಲಿದ್ದದ್ದೂ ಉಳಿತ್ತ್, ನೀರ್ ಮುಟ್ಟಿ ಬಿಡೂ ಜಾಗದಗೇ ಸವಿತ್ತ್" ಎಂದರು. ವರ್ಷಕ್ಕೊಮ್ಮೆ, ಮಳೆಗಾಲದ ಮೊದಲು, ಪಟ್ಟಿ ಬಿಚ್ಚಿ ಉಗುರಿನಿಂದ ಕೆರೆದು ನೋಡುವುದು ನನ್ನ ಕೆಲಸವಾಯಿತು. ಇವರು ನಿವೃತ್ತರಾಗುವವರೆಗೂ ಮಾಡಿದೆ. ಅವರು ನಿವೃತ್ತರಾದ ದಿನ ನಾನೂ ಆದೆ. ಇನ್‌ಸ್ಪೆಕ್ಟರು ಕಾಗದದಲ್ಲಿ ಮಣ್ಣಿನ ಉಪ್ಪಿನಿಂದ ತಂತಿ ಸವೆದಿದೆ ಎಂದಷ್ಟೇ ಬರೆದು, ಉಪ್ಪು ಎಲ್ಲಿಂದ ಬಂತೆಂದು ಬರೆಯದೆ ಬಿಟ್ಟರು. ಅದನ್ನೂ ದೇವರ ದಯೆಯ ಲೆಕ್ಕಕ್ಕೇ ಸೇರಿಸಿಕೊಂಡೆ.

ಇನ್ನೂ ಒಂದು ದಯೆಯನ್ನು ನಾನೇ ಹುಡುಕಿಕೊಂಡಿದ್ದೆ. ತಂತಿ ಸರಿಯಿದ್ದಿದ್ದರೂ ಸೋಮವಾರ ಸಂಜೆಯ ಮೇಲೆ ಹೊರಟು ಗಿರಿಜ ಮಂಗಳವಾರ ಬೊಂಬಾಯಿ ಮುಟ್ಟುತ್ತಿದ್ದಳೇ? ಹೊಳೆ ದಾಟಬೇಕು, ಬಸ್ಸು, ಆಮೇಲೆ ರೈಲು. ಮೂರು ದಿನದ ದಾರಿ. ಹೇಗೂ ಆಗುತ್ತಿರಲಿಲ್ಲ. ಹೀಗೆಂದು ದೇವರ ಮುಂದೆ ಕುಳಿತು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಗಿರಿಜಳಿಗೆ ಉಪ್ಪಿನ ವಿಷಯ ಹೇಳಿರಲಿಲ್ಲ. ಇವರೂ ಹೇಳಬೇಡ ಎಂದಿದ್ದರು.

ಸೂತಕದ ಹದಿಮೂರು ದಿನ ಕಳೆದ ಮೇಲೆ ಅವಳಿಗೊಂದು ಕಾಗದ ಬಂತು. ರಾಘವನ ಜೊತೆ ಹೋಟೆಲಿನಲ್ಲಿದ್ದ ಗೆಳೆಯ ಬರೆದದ್ದು. ಅವಳ ಕಾಗದಗಳನ್ನೆಲ್ಲ ಓದಿ ಹೇಳುತ್ತಿದ್ದವಳು ನಾನು. ಅವಳ ಮನೆಯ ಜಗಲಿಯಲ್ಲಿ ಕುಳಿತು ಓದಿದೆ. ಜ್ವರ ಬಂದದ್ದು, ಆಸ್ಪತ್ರೆಗೆ ಸೇರಿಸಿದ್ದು, ಕ್ರಿಯೆ ಮಾಡಿದ್ದು. ನಡುವೆ ಒಂದು ಸಾಲು ಬಂತು. ನನ್ನ ಕಣ್ಣು ಅದನ್ನು ಮೊದಲೇ ಓದಿಬಿಟ್ಟಿತು. ಬಾಯಿ ನಿಂತಿತು.

"ಮುಂದೆ?" ಎಂದಳು.

ಹಾರಿಸಬಹುದಿತ್ತು. ಅವಳಿಗೆ ಅಕ್ಷರ ಬಾರದು. ಆ ಹೊತ್ತಿನಲ್ಲಿ ನನಗೆ ಆ ಯೋಚನೆ ಬಂದದ್ದು ನಿಜ. ದೇವರ ಮುಂದೆ ದಿನಾ ಕೂರುವವಳು ಎಂಬ ಹೆದರಿಕೆಗೋ ಏನೋ, ಓದಿದೆ. "ಸೋಮವಾರ ಮಧ್ಯಾಹ್ನದಿಂದ ಮಂಗಳವಾರ ಸಂಜೆಯವರೆಗೂ ಊರಿಂದ ತಂತಿ ಬಂತಾ, ಅವಳು ಹೊರಟಳಾ ಎಂದು ಕೇಳುತ್ತಲೇ ಇದ್ದ. ಇನ್ನೂ ಬರಲಿಲ್ಲ ಎಂದು ಹೇಳುತ್ತಿದ್ದೆವು."

ನಾನು ಲೆಕ್ಕ ಹಾಕಿದ್ದು ಅವಳು ಬೊಂಬಾಯಿ ಮುಟ್ಟುವ ದಾರಿಯನ್ನು. ಅವನು ಕಾದದ್ದು ಒಂದು ಮಾತಿಗೆ.

ಮಡಿಲಿನಲ್ಲಿ ಕಾಗದ ಇಟ್ಟುಕೊಂಡು ಎಲ್ಲವನ್ನೂ ಹೇಳಿದೆ. ಸೊಳೆಯ ನೀರು, ನಾಲ್ಕು ವರ್ಷ, ಕೈಗೆ ಬಂದ ತಂತಿ, ಬಾವಿಯ ಬಾಲ್ದಿ. ಅವಳು ಒಂದೇ ಮಾತು ಕೇಳಿದಳು.

"ತಂತಿ ಸಮ ಇದ್ದಿರೆ, ನಾ ಬತ್ತೆ ಅಂದದ್ದ್ ಅವ್ರಿಗ್ ಯಾವಾಗ ಮುಟ್ತಿತ್?"

"ಸೋಮ್ವಾರ ದೀಪ ಹಚ್ಚುದ್ರೊಳಗೆ."

ಕಾಗದವನ್ನು ನನ್ನ ಮಡಿಲಿನಿಂದ ತೆಗೆದುಕೊಂಡಳು. ಬಂದ ಹಾಗೆಯೇ ನಾಲ್ಕು ಮಡಿಕೆ ಮಾಡಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅವಳ ಮನೆಗೆ ಬಾವಿಯಿರಲಿಲ್ಲ, ನಮ್ಮದರಿಂದಲೇ ಒಯ್ಯುತ್ತಿದ್ದಳು. ಮರುದಿನ ಬರಲಿಲ್ಲ. ಮಳೆ ಇನ್ನೂ ಹಿಡಿದಿರಲಿಲ್ಲ. ದೂರದ ಮನೆಯಿಂದ ನೀರು ತರುವುದು ಕಂಡಿತು. ಮೂರನೆಯ ದಿನ ನಾನು ಮಿಂದು ಹೊಸ ಗುಂಡಿಯ ಹತ್ತಿರ ಬರುವಾಗ ಅವಳು ನಮ್ಮ ಬಾವಿಯ ಹಗ್ಗ ಹಿಡಿದಿದ್ದಳು. ಹಣೆಯಲ್ಲಿ ಕುಂಕುಮವಿಲ್ಲದ ಅವಳನ್ನು ಹಗಲಿನಲ್ಲಿ ನೇರವಾಗಿ ನೋಡಿದ್ದು ಅಂದೇ. ಬಾಲ್ದಿ ಮೇಲೆ ಬಂತು. ಬೆರಳು ಅದ್ದಿ, ನಾಲಿಗೆಗೆ ಮುಟ್ಟಿಸಿ ನೋಡಿದಳು. ಸಿಹಿನೀರೇ. ಕೊಡಪಾನಕ್ಕೆ ತುಂಬಿಸಿ, ಬೇಲಿಯ ಒಳಗೆ ಕೈ ಚಾಚಿ, ಗುಂಡಿಗೆ ಹೊಯ್ದಳು.

"ನಾನ್ ಹೊಯ್ತಿದ್ನಲೆ" ಎಂದೆ.

"ನಂಗೆ ಕಂಡ್ಕಂಡ್ ಹೊಯ್ಕ್ ಅಕ್ಕಾ" ಎಂದಳು. ಇನ್ನೊಂದು ಕೊಡಪಾನ ತುಂಬಿಸಿ ಸೊಂಟಕ್ಕಿಟ್ಟು ಹೋದಳು.

ನಾವು ಆ ಊರು ಬಿಡುವವರೆಗೆ, ಬೇಸಗೆಯ ದಿನವೆಲ್ಲ, ಮೂರರಲ್ಲಿ ಒಂದು ಕೊಡಪಾನ ಅವಳದ್ದಾಯಿತು. ಪ್ರತಿ ಸಲವೂ ನಾಲಿಗೆಗೆ ಮುಟ್ಟಿಸಿ ನೋಡಿಯೇ ಹೊಯ್ಯುತ್ತಿದ್ದಳು. ಮಾತಾಡುತ್ತಿದ್ದಳು, ಹಬ್ಬಕ್ಕೆ ಬರುತ್ತಿದ್ದಳು. ನಮ್ಮ ಮನೆಯ ಸೊಳೆಯನ್ನು ಮಾತ್ರ ಮತ್ತೆ ಕೇಳಲಿಲ್ಲ, ನಾನೂ ಕೊಡಲಿಲ್ಲ.

ಅಂದು ಅವಳು ತನ್ನ ಮನೆಯೊಳಗೆ ಹೋಗುವವರೆಗೆ ನಿಂತಿದ್ದೆ. ಹೊಯ್ದ ನೀರನ್ನು ಮಣ್ಣು ಪೂರ್ತಿ ಕುಡಿದಿತ್ತು. ಒಳಗೆ ಯಂತ್ರ ಮಾತಾಡುತ್ತಿತ್ತು, ಯಾರ ಮನೆಯ ಸುದ್ದಿಯೋ. ಉಳಿದ ಎರಡು ಕೊಡಪಾನ ಹೊಯ್ದೆ. ಆಮೇಲೆ ಇವರ ಊಟಕ್ಕೆ ಹೊತ್ತಾಗುತ್ತದೆಂದು ಒಳಗೆ ಹೋಗಿ ಅಕ್ಕಿ ತೊಳೆದೆ.